ದಿನಾ ಹೋಗಿಬರುವ ಗಾಡಿಯ ಮಿಸ್ತ್ರಿ

ಮಿಸ್ತ್ರಿಯವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಸೂಪಾ ಡ್ಯಾಮಿನ ಕೆಲಸ ನಡೆಯುವಾಗ ಡಂಪರ್ ಒಂದರ ಹಿಂಬಾಗಿಲಿಗೆ ಸಿಕ್ಕು ಚಪ್ಪಟೆಯಾದ ಬೆರಳಂತೆ. ಅದರ ತುದಿಗೆ ನನ್ನ ಕಾರಿನ ಗಿಯರ್ ಬಾಕ್ಸಿನ ಎಣ್ಣೆ ಹಚ್ಚಿಕೊಂಡು, ತೋರುಬೆರಳಿನಿಂದ ಉಜ್ಜಿ, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಅವರು ಕಣ್ಣು ತೆರೆಯುವವರೆಗೆ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಆ ಗಾಡಿ ಕೆಟ್ಟರೆ ನನ್ನ ನೌಕರಿಯೇ ಹೋದಂತೆ.

ನಾನು ಜೋಯ್ಡಾದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಮನೆ ದಾಂಡೇಲಿಯಲ್ಲಿ. ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೊದಿಂದ ಸೊರಗಿದ್ದು. ಎಂಟು ವರ್ಷ ಬಸ್ಸಿನ ಆ ಎತ್ತರದ ಮೆಟ್ಟಿಲು ಹತ್ತಿ ಇಳಿದು ಸಾಕಾಗಿ, ಗೋವಾದ ಹಡಗಿನ ನೌಕರರೊಬ್ಬರಿಂದ ಹಳೆಯ ವಿದೇಶಿ ಕಾರೊಂದನ್ನು ಕೊಂಡೆ. ಅದಕ್ಕೆ ಕ್ಲಚ್ ಇಲ್ಲ, ಗಿಯರ್ ತಾನಾಗಿಯೇ ಬದಲಾಗುತ್ತದೆ, ಬಲಗಾಲೊಂದರಿಂದಲೇ ಓಡಿಸಬಹುದು. ಊರಿನ ಮಿಸ್ತ್ರಿಗಳೆಲ್ಲ ಬಾನೆಟ್ ಎತ್ತಿ ನೋಡಿ, ತಮ್ಮಿಂದಾಗದೆಂದು ಮುಚ್ಚಿದರು. ಇವರೊಬ್ಬರು ಮಾತ್ರ ನಕ್ಕರು. ನನ್ನನ್ನು ಬಾಯಾರ, ಅಂದರೆ ಅಮ್ಮಾವ್ರೇ, ಎಂದು ಕರೆಯುತ್ತಿದ್ದರು.

"ಡ್ಯಾಮಿನ್ಯಾಗ ಇಂಥಾ ಗಿಯರಿನ ಆನಿಯಂಥಾ ಡಂಪರ್ ಬಿಚ್ಚೇನ್ರಿ ಬಾಯಾರ. ಇದು ಅವುಗಳ ಮರಿ."

ದಾಂಡೇಲಿ ದಾಟುತ್ತಲೇ ಜೋಯ್ಡಾ ರಸ್ತೆಯ ಬದಿಗೆ ಅವರ ತಗಡಿನ ಶೆಡ್ಡು. ಅದರ ಹಿಂದೆಯೇ ಮನೆ. ಧಾರವಾಡ ಕಡೆಯವರು, ಡ್ಯಾಮು ಮುಗಿದ ಮೇಲೂ ಊರಿಗೆ ಮರಳದೆ ಇಲ್ಲೇ ಉಳಿದವರು. ಮಾತು ಕಡಿಮೆ. ಗಾಡಿ ಬಿಟ್ಟುಹೋದವರು ಅವಸರ ಮಾಡಿದರೆ ಸ್ಪ್ಯಾನರ್ ಕೆಳಗಿಟ್ಟು, ಅವರು ಸುಮ್ಮನಾದ ಮೇಲೆ ಮತ್ತೆ ಎತ್ತಿಕೊಳ್ಳುತ್ತಿದ್ದರು.

ಕೊಂಡ ಐದನೆಯ ವರ್ಷ ಕಾರು ಏರಿನಲ್ಲಿ ನಡುಗತೊಡಗಿತು. ಮಿಸ್ತ್ರಿಯವರು ಎಣ್ಣೆ ಮೂಸಿ, ಟಾರ್ಕ್ ಕನ್ವರ್ಟರ್ ಹೋಗಿದೆ ಎಂದರು. ಅದು ಎಂಜಿನ್ನಿಗೂ ಗಿಯರ್ ಬಾಕ್ಸಿಗೂ ನಡುವೆ ಕೂರುವ, ಎಣ್ಣೆ ತುಂಬಿದ ದುಂಡನೆಯ ಡಬ್ಬಿ. ಕ್ಲಚ್ಚಿನ ಕೆಲಸವನ್ನು ಒಳಗಿನ ಎಣ್ಣೆಯ ಸುಳಿಯೇ ಮಾಡುತ್ತದೆ. ಅಂಥದ್ದೇ ಇನ್ನೊಂದು ಮುಂಬೈಯಲ್ಲಿ ಸಿಕ್ಕರೆ ಸಿಗಬೇಕು, ಎಷ್ಟು ದಿನವಾದೀತೋ ತಿಳಿಯದು. ಅಷ್ಟರಲ್ಲಿ ಬೆಳಗಾವಿಯಲ್ಲಿದ್ದ ನನ್ನ ತಮ್ಮ, ಕಾರ್ ರೇಸಿಗೆ ಹೋಗುವ ಗೆಳೆಯನಿಂದ ಒಂದನ್ನು ತಂದುಕೊಟ್ಟ. ರೇಸಿಗೆಂದೇ ಮಾಡಿದ್ದು. ಕೂಡಿಸಿದರೆ ಕಾರು ಬಾಣದಂತೆ ಹೋಗುತ್ತದೆ ಎಂದ.

ಮಿಸ್ತ್ರಿಯವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕೂಡತೈತಿ. ಆದ್ರ ಇದು ಬ್ಯಾಡ್ರಿ."

"ಯಾಕ್ರಿ? ಹೊಸಾದು ಐತಲ್ಲ."

"ಹೊಸಾದ ಐತಿ. ಎಂಜಿನ್ ಜೋರಾಗಿ ತಿರಗಿದಾಗಷ್ಟ ಇದು ಬಿಗಿ ಹಿಡಿತೈತಿ. ಅಲ್ಲೀತನಕ ಬರೇ ಜಾರತೈತಿ, ಜಾರಿದಷ್ಟೂ ಎಣ್ಣಿ ಕಾಯ್ತೈತಿ. ರೇಸಿನ್ಯಾಗ ನಡೀತೈತಿ. ನೀವು ಬಿದಿರು ಲಾರಿ ಹಿಂದ ಸಾವಕಾಶ ಏರಿ ಏರವರು. ದಿನಾ ಹೋಗಿಬರೂ ಗಾಡಿಗೆ ಜೋರು ಬ್ಯಾಡ್ರಿ, ತಂಪು ಬೇಕು."

ಎರಡು ವಾರದಿಂದ ನಾನು ಮತ್ತೆ ಬಸ್ಸಿನಲ್ಲಿದ್ದೆ. ಸೊಂಟ ಹಿಡಿದುಕೊಂಡಿತ್ತು. "ಇರ್ಲಿ, ಹಾಕಿಬಿಡ್ರಿ," ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಹಾಕಿದರು.

ನಾಲ್ಕು ದಿನ ಕಾರು ನಿಜಕ್ಕೂ ಹಾರಿತು. ಐದನೆಯ ಬೆಳಗ್ಗೆ ಕೆಲಸಕ್ಕೆ ಹೋಗುತ್ತ ಗಣೇಶಗುಡಿ ದಾಟಿದ ಏರಿನಲ್ಲಿ ಲಾರಿಯೊಂದರ ಹಿಂದೆ ತೆವಳುವಾಗ ಸುಟ್ಟ ವಾಸನೆ ಬಂತು. ಎಂಜಿನ್ ಕಿರುಚಿತು, ಗಾಲಿ ಅಲುಗಲಿಲ್ಲ. ದಾಂಡೇಲಿ ಕಡೆ ಹೊರಟಿದ್ದ ಬಸ್ಸಿನ ಡ್ರೈವರ್ ಕೈಯಲ್ಲಿ ಮಿಸ್ತ್ರಿಯವರಿಗೆ ಹೇಳಿಕಳಿಸಿ ರಸ್ತೆಬದಿಯ ಕಲ್ಲಿನ ಮೇಲೆ ಕೂತೆ. ಚೀಲದಲ್ಲಿ ರಾಜೀನಾಮೆಯ ಅರ್ಜಿ ಬರೆದಿಟ್ಟುಕೊಂಡು ವಾರವಾಗಿತ್ತು. ಸಿಟ್ಟು, ಅಳು ಯಾವುದೂ ಬರಲಿಲ್ಲ. ಎಲ್ಲಾದರೂ ಒರಗಿ ಮಲಗಬೇಕೆನಿಸಿತ್ತು, ಅಷ್ಟೇ.

ಮುಂದಿನ ಬಸ್ಸಿಗೆ ಮಿಸ್ತ್ರಿಯವರು ಎಣ್ಣೆಯ ಕ್ಯಾನು ಹಿಡಿದುಕೊಂಡು ಬಂದರು. ಕಾರಿನ ಕೆಳಗೆ ನುಸುಳಿ ನೋಡಿ, ಬಿಸಿ ಆರಲಿ ಎಂದು ನನ್ನ ಎದುರಿಗೆ ನೆಲದ ಮೇಲೆಯೇ ಕೂತರು.

"ಬೈದ ಬಿಡ್ರಿ ಮಿಸ್ತ್ರಿಯವರ," ಎಂದೆ.

"ನಿಮಗ್ಯಾಕ ಬೈಲಿ? ನೀವು ದಣದೀರಿ. ದಣದವರಿಗೆ ಕೈಗೆ ಸಿಕ್ಕಿದ್ದ ಛಲೋ ಕಾಣತೈತಿ. ಗೊತ್ತಿದ್ದೂ ಹಾಕಿದೆ ನೋಡ್ರಿ, ತಪ್ಪು ನಂದು."

ಅರ್ಜಿಯ ವಿಷಯ ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವರು ಎಣ್ಣೆಯ ಕ್ಯಾನನ್ನು ಪಕ್ಕಕ್ಕೆ ಸರಿಸಿದರು.

"ನಿಮ್ಮ ಹಳೇ ಕನ್ವರ್ಟರ್ ನಾ ಒಗದಿಲ್ಲ, ಹಂಗ ಇಟ್ಟೇನಿ. ಹದಿನೈದು ದಿನ ತಡೀರಿ. ಆಮ್ಯಾಲೆ ಬೇಕಾದ್ರ ಕೊಡ್ರಿ ಅರ್ಜಿ."

ಕಾರನ್ನು ಶೆಡ್ಡಿಗೆ ಎಳೆಸಿ, ಆ ಹಳೆಯ ಕನ್ವರ್ಟರನ್ನು ಗೋಣಿಚೀಲದಲ್ಲಿ ಸುತ್ತಿ, ಹೆಗಲ ಮೇಲೆ ಹೊತ್ತು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದರು. ಪರಿಚಯದ ಲೇಥ್ ಯಂತ್ರದವನ ಕೈಯಲ್ಲಿ ಅದನ್ನು ಎರಡು ಹೋಳು ಮಾಡಿಸಿ, ಒಳಗೆ ಸವೆದದ್ದನ್ನು ಬದಲಿಸಿ, ಮತ್ತೆ ಬೆಸುಗೆ ಹಾಕಿಸಿದರು. ಮೊದಲ ಸಲ ತಿರುಗುವಾಗ ತೂಕದ ಸಮತೋಲ ಕೂಡಲಿಲ್ಲ, ಎರಡನೆಯ ಸಲ ಎಣ್ಣೆ ಸೋರಿತು. ಅರವತ್ತು ದಾಟಿದ ಮನುಷ್ಯ ಆ ಭಾರ ಹೊತ್ತು ಮೂರು ಸಲ ಹೋಗಿಬಂದರು. ಹದಿನೇಳನೆಯ ದಿನ ಕಾರು ಮೊದಲಿನ ಹಾಗೆ, ಸಾವಕಾಶವಾಗಿ, ಅದೇ ಏರನ್ನು ಏರಿತು. ಪಕ್ಕದ ಸೀಟಿನಲ್ಲಿ ಕೂತಿದ್ದ ಅವರು ಜೋಯ್ಡಾದವರೆಗೂ ಗಾಡಿಯ ಸಪ್ಪಳವನ್ನೇ ಆಲಿಸಿದರು. ಇಳಿಯುವಾಗ "ಸಾಕು" ಎಂದರು, ಅಷ್ಟೇ. ಅರ್ಜಿಯನ್ನು ನಾನು ಕೊಡಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಮಳೆಗಾಲದಲ್ಲಿ ಶೆಡ್ಡು ಮುಚ್ಚಿತು. ಮಗಳ ಮನೆಗೆ ಹಳಿಯಾಳಕ್ಕೆ ಹೋಗಿರಬೇಕು ಎಂದುಕೊಂಡೆ. ದಿನಾ ಅದರ ಮುಂದೆಯೇ ಹೋಗುತ್ತಿದ್ದೆ, ದಿನಾ ಬರುತ್ತಿದ್ದೆ. ಹೋಗುವಾಗ ಹೊತ್ತಾಗಿರುತ್ತಿತ್ತು, ಬರುವಾಗ ಸುಸ್ತಾಗಿರುತ್ತಿತ್ತು. ಒಂದು ದಿನವೂ ಇಳಿದು ಕೇಳಲಿಲ್ಲ.

ಅವರು ತೀರಿಕೊಂಡ ಸುದ್ದಿ ಮೂರು ದಿನ ತಡವಾಗಿ ತಿಳಿಯಿತು. ಹೋದಾಗ ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಕೂಡಿಸಿದರು. ನಾಲ್ಕು ತಿಂಗಳಿಂದ ಮಿಸ್ತ್ರಿಯವರು ಕಾಯಿಲೆ ಬಿದ್ದು ಅದೇ ಮನೆಯಲ್ಲಿ, ರಸ್ತೆಯ ಕಡೆಯ ಕಿಟಕಿಯ ಕೆಳಗೆ ಮಲಗಿಕೊಂಡಿದ್ದರಂತೆ.

"ನಿಮ್ಮ ಗಾಡಿ ಸಪ್ಪಳಾ ಕೇಳಿದ್ರ ಬಾಯಾರ ಹೊಂಟ್ರು ಅಂತಿದ್ರು. ಹ್ವಾದ ತಿಂಗಳದಾಗ ಒಮ್ಮೆ, ಸಪ್ಪಳಾ ಬದಲಾಗೇತಿ, ಎಣ್ಣಿ ಬದಲ ಮಾಡಸ್ರಿ ಅಂತ ಹೇಳಿ ಬಾ ಅಂದ್ರು. ನನಗ ಅವರನ್ನ ಬಿಟ್ಟು ಹೊರಗ ಬರಾಕ ಆಗಲಿಲ್ರಿ."

ಆ ವಾರ ಹುಬ್ಬಳ್ಳಿಗೆ ಹೋಗಿ ಗಿಯರ್ ಬಾಕ್ಸಿನ ಎಣ್ಣೆ ಇಳಿಸಿದೆ. ಕಪ್ಪಾಗಿತ್ತು.