ಪೊರೆ ಮೊದಲೋ, ಹಾಳೆ ಮೊದಲೋ

ಇಪ್ಪತ್ತು ವರ್ಷಗಳಿಂದ ದಿನಚರಿ ಬರೆಯುತ್ತಿದ್ದೇನೆ. ಜನ ಇದನ್ನು ಶಿಸ್ತು ಎಂದುಕೊಂಡಿದ್ದಾರೆ. ನಿಜಕ್ಕೂ ಇದು ಅಪನಂಬಿಕೆ. ನನ್ನ ನೆನಪು ನನಗೇ ಎಷ್ಟೋ ಸಲ ಟೋಪಿ ಹಾಕಿದೆ. ಅಂಥ ನಾನು, ತಂಗಿಯ ಯಂತ್ರದ ಕಾರ್ಬೊರೇಟರ್ ಬಿಚ್ಚಿದ ದಿನ ಬರೆದಿಟ್ಟದ್ದು ಎರಡೇ ಮಾತು: 'ಬಿಚ್ಚಿದೆ. ಸರಳವಾಗಿದೆ.'

ಯಂತ್ರ ಯಾವುದೆಂದು ಹೇಳಿದರೆ ನೀವು ನಗುತ್ತೀರಿ. ಜೆಟ್ ಸ್ಕೀ. ಅದೂ ಕೂತು ಓಡಿಸುವುದಲ್ಲ, ನಿಂತು ಓಡಿಸುವುದು. ನೀರಿನ ಮೇಲೆ ಹೋಗುವ, ಸೀಟು ಹಾಕುವುದನ್ನೇ ಮರೆತ ಸ್ಕೂಟರು ಎನ್ನಿ. ಕೊಂಕಣದ ದಂಡೆಯಲ್ಲಿ ಪ್ರವಾಸಿಗರನ್ನು ಕುಣಿಸಿ ಕುಣಿಸಿ ಮುದಿಯಾಗಿ, ಅದು ಹೇಗೋ ಅಫಜಲಪುರದಲ್ಲಿರುವ ನನ್ನ ತಂಗಿ ನೀಲಾಳ ಮನೆಯ ತಗಡಿನ ಶೆಡ್ಡಿಗೆ, ತೊಗರಿ ಹೊಟ್ಟಿನ ಚೀಲಗಳ ಪಕ್ಕಕ್ಕೆ ಬಂದು ಬಿತ್ತು. ನೀಲಾ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಊರವರು ಏನೆಂದಾರು ಎಂದು ಕೇಳಿದೆ.

"ಭೀಮಾ ನದ್ಯಾಗ ನೀರು ನಿಂತದ. ನಾನೂ ನಿಂದ್ರತೇನಿ. ಊರಿಗೇನು ತ್ರಾಸ ಅಣ್ಣಾ?"

ಅವಳ ಅವಸರಕ್ಕೆ ಕಾರಣವಿತ್ತು. ಬಲ ಮೊಣಕಾಲಿನ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅದಾದ ಮೇಲೆ ಓಡುವುದು, ಜಿಗಿಯುವುದು, ಅಲ್ಲಾಡುವ ವಸ್ತುವಿನ ಮೇಲೆ ನಿಲ್ಲುವುದು ಎಲ್ಲ ಬಂದ್ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ಮೊದಲು ನಿಲ್ಲಬಹುದೇ ಎಂದು ಅವಳು ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಬೇಡ ಎನ್ನುವವರು ಯಾರು? ಉಳಿದದ್ದು ಎರಡು ವಾರ. "ಒಮ್ಮೆ ನಿಂತು ಬರ್ತೇನಿ. ಆಮ್ಯಾಲ ಈ ಕಾಲು ಡಾಕ್ಟರಂದು" ಎಂದಳು.

ಯಂತ್ರ ಶುರುವಾಗುತ್ತಿತ್ತು, ಆದರೆ ವೇಗ ಕೊಟ್ಟ ಕೂಡಲೇ ಕೆಮ್ಮಿ ಸಾಯುತ್ತಿತ್ತು. ಓಡುವುದು ಒತ್ತಟ್ಟಿಗಿರಲಿ, ಹಿಡಿಯಿಂದ ಕೈ ಬಿಟ್ಟಾಗ ಸಾಯದೆ ಇರುವುದು ಅದಕ್ಕಿಂತ ಮುಖ್ಯವಂತೆ. ಈ ಹಳೆಯ ಯಂತ್ರಗಳಲ್ಲಿ ಸವಾರ ನೀರಿಗೆ ಬಿದ್ದರೆ ಯಂತ್ರ ಸಣ್ಣಗೆ ಗುನುಗುತ್ತ ಅವನ ಸುತ್ತಲೇ ಸುತ್ತು ಹಾಕುತ್ತದೆ. ಎಂಜಿನ್ನು ಸತ್ತುಹೋದರೆ ಗಾಳಿಗೆ ಸಿಕ್ಕು ದೂರ ಸಾಗುತ್ತದೆ. ಮೊಣಕಾಲು ಕೆಟ್ಟವಳು ಅದರ ಹಿಂದೆ ಎಷ್ಟು ದೂರ ಈಜಬೇಕು?

ಕಾಲೇಜಿನ ದಿನಗಳಲ್ಲಿ ನನ್ನ ಹತ್ತಿರ ಒಂದು ಮೊಪೆಡ್ ಇತ್ತು. ಅದರ ಕಾರ್ಬೊರೇಟರನ್ನು ನಾನೇ ಬಿಚ್ಚಿ ಜೋಡಿಸುತ್ತಿದ್ದೆ ಎಂದು ನನ್ನ ನೆನಪು. ಆ ಧೈರ್ಯದಲ್ಲಿ ಕೈ ಹಾಕಿದೆ. ತೂತುಗಳನ್ನೆಲ್ಲ ಊದಿ, ತೊಳೆದು, ಒರೆಸಿ ಜೋಡಿಸಿದೆ. ಸ್ಟಾರ್ಟರ್ ಒತ್ತಿ ಒತ್ತಿ ಬೆರಳು ನೊಂದರೂ ಯಂತ್ರ ಉಸಿರೆತ್ತಲಿಲ್ಲ.

"ಮೊದಲ ಕೆಮ್ಮತಿತ್ತು, ಈಗ ಅದನ್ನೂ ಬಿಟ್ಟದ" ಎಂದಳು ನೀಲಾ. "ಕಾಲೇಜಿನ್ಯಾಗ ಹುಡುಗರಿಗೆ ಹೇಳೋ ಇತಿಹಾಸ ಪಾಠ ಇದಕ್ಕೂ ಹೇಳಿದಿ ಏನು?"

ಊರಿನ ಬೈಕ್ ಮೆಕ್ಯಾನಿಕ್ ಒಬ್ಬರನ್ನು ಕರೆತಂದೆವು. ಬೈಕಿನ ಕಾರ್ಬೊರೇಟರಿನಲ್ಲಿ ಪೆಟ್ರೋಲು ನಿಲ್ಲುವ ಪುಟ್ಟ ಬಟ್ಟಲಿದೆ, ಅದರೊಳಗೆ ತೇಲುವ ಗುಂಡು. ಪೆಟ್ರೋಲು ಏರಿದರೆ ಗುಂಡು ಏರಿ ಅದು ಬರುವ ಬಾಗಿಲನ್ನು ಮುಚ್ಚುತ್ತದೆ. ಅವರು ನಮ್ಮದನ್ನು ಅತ್ತಿತ್ತ ತಿರುಗಿಸಿ, "ಇದರ ಗುಂಡು ಎಲ್ಲೋ ಬಿದ್ದದ್ರಿ ಸರ್. ಬಿಚ್ಚಿದಾಗ ನೋಡಿದ್ದು ನೆನಪದ ಏನ್ರಿ?" ಎಂದರು.

ಇಲ್ಲಿ ನಾನು ತಪ್ಪೊಪ್ಪಿಕೊಳ್ಳಬೇಕು. ನೆನಪಾಯಿತು. ಸ್ಪಷ್ಟವಾಗಿಯೇ ನೆನಪಾಯಿತು. ಬಿಳಿಯದು, ದುಂಡಗಿತ್ತು, ಕೈಯಿಂದ ಜಾರಿ ಎಡಕ್ಕೆ ಉರುಳಿತ್ತು. ನಾವು ಮೂವರೂ ಇಡೀ ಮಧ್ಯಾಹ್ನ ಶೆಡ್ಡಿನ ನೆಲವನ್ನು ಜರಡಿ ಹಿಡಿದೆವು. ತೊಗರಿ ಹೊಟ್ಟಿನ ನಾಲ್ಕು ಚೀಲ ಸುರುವಿ ಕೈಯಾಡಿಸಿದೆವು. ನೀಲಾ ಕುಂಟುತ್ತಲೇ ಹುಡುಕಿದಳು. ಸಿಕ್ಕಿದ್ದು ಒಂದು ಬಳೆಚೂರು, ಅವಳದೇ ಒಂದು ಸೀಟಿ.

ಮರುದಿನ ಕಾರ್ಬೊರೇಟರನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಆಳಂದದ ಬಸ್ಸು ಹತ್ತಿದೆ. ಅಲ್ಲಿ ಲಾಲಸಾಬ್ ಎಂಬವರಿದ್ದಾರೆ, ತೊಗರಿಗೆ ಔಷಧ ಹೊಡೆಯುವ ಪಂಪು, ಹುಲ್ಲು ಕತ್ತರಿಸುವ ಮಿಷನ್ನು ರಿಪೇರಿ ಮಾಡುವವರು. ನಿಂಬರ್ಗಾ, ಕಿಣ್ಣಿ ಸುಲ್ತಾನದ ಹೊಲಗಳ ಪಂಪುಗಳೆಲ್ಲ ಕೊನೆಗೆ ಅವರ ಕಟ್ಟೆಗೇ ಬಂದು ಕೂಡುತ್ತವೆ ಎಂದು ಯಾರೋ ಹೇಳಿದ್ದರು. ಬಸ್ಸಿನ ಕಿಟಕಿಯಲ್ಲಿ ಬಿಳಿಜೋಳ ತೂಗುತ್ತಿತ್ತು. ತೊಡೆಯ ಮೇಲೆ ಡಬ್ಬಿ ಸಣ್ಣಗೆ ನಡುಗುತ್ತಿತ್ತು. ಅರೆನಿದ್ದೆಯಲ್ಲಿ ಬಿಳಿಯ ಗುಂಡೊಂದು ಜೋಳದ ತೆನೆಗಳ ಮೇಲೆ ತೇಲುತ್ತ ನಮ್ಮ ಬಸ್ಸಿನ ಜೊತೆಗೇ ಬರುತ್ತಿತ್ತು.

ಲಾಲಸಾಬ್ ಕೈಯಲ್ಲಿ ತೂಗಿ ನೋಡಿ ನಕ್ಕರು. "ಇದಕ್ಕ ಗುಂಡೇ ಇರಂಗಿಲ್ರಿ ಮಾಸ್ತರ್ರ. ನಮ್ಮ ಹುಲ್ಲಿನ ಮಿಷನ್ನಿನ ಅಣ್ಣ ಇದು."

ತಲೆಕೆಳಗಾಗುವ ಯಂತ್ರದಲ್ಲಿ ತೇಲುವ ಗುಂಡು ಏನು ಮಾಡೀತು? ಹುಲ್ಲಿನ ಮಿಷನ್ನು ಹೇಗೆ ಬೇಕೋ ಹಾಗೆ ಓರೆಯಾಗುತ್ತದೆ, ಜೆಟ್ ಸ್ಕೀ ಮಗುಚುತ್ತದೆ. ಅದಕ್ಕೇ ಗುಂಡಿನ ಬದಲು ರಬ್ಬರಿನ ತೆಳುವಾದ ಪೊರೆ. ಎಂಜಿನ್ನು ಒಳಗೆ ಉಸಿರಾಡಿದಂತೆ ಒಂದು ಪೊರೆ ಮಿಡಿದು ಪೆಟ್ರೋಲು ಎಳೆಯುತ್ತದೆ, ಆಚೆ ಬದಿಯ ಪೊರೆ ಎಷ್ಟು ಬೇಕೋ ಅಷ್ಟೇ ಒಳಗೆ ಬಿಡುತ್ತದೆ. ನಾನು ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಈರುಳ್ಳಿಯ ಒಳಸಿಪ್ಪೆಯಂತಿತ್ತು. ಇಷ್ಟು ತೆಳುವಾದದ್ದರ ಮಿಡಿತಕ್ಕೆ ಒಬ್ಬ ಹೆಂಗಸು ನೀರಿನ ಮೇಲೆ ನಿಲ್ಲುತ್ತಾಳಲ್ಲ ಎಂದು ಬೆರಗಾಯಿತು. ಆದರೆ ಮರುಗಳಿಗೆಗೇ ಬೇರೊಂದು ಯೋಚನೆ ಬಂತು: ಇಲ್ಲದ ಗುಂಡಿನ ಬಣ್ಣ ಕೂಡ ನೆನಪಿಟ್ಟುಕೊಂಡ ನಾನು, ಇನ್ನೂ ಏನೇನನ್ನು ಹೀಗೆ ಕಂಡಿದ್ದೇನೆ? ಚಿಕ್ಕಂದಿನಲ್ಲಿ ಹೊಳೆ ದಾಟುವಾಗ ಹರಗೋಲಿನ ನಡುವೆ ಎದ್ದು ನಿಂತು ಅಂಬಿಗನ ಕೈಲಿ ಬೈಸಿಕೊಂಡವನು ನಾನು ಎಂದುಕೊಂಡಿದ್ದೆ. ನೀಲಾ ತಾನು ಎನ್ನುತ್ತಾಳೆ. ಅವಳೇ ಇರಬೇಕು.

ಲಾಲಸಾಬ್ ಬಿಳಿ ಬಟ್ಟೆ ಹಾಸಿ, ಬಿಚ್ಚಿದ ಒಂದೊಂದನ್ನೂ ಬಿಚ್ಚಿದ ಸರದಿಯಲ್ಲೇ ಸಾಲಾಗಿ ಇಟ್ಟರು. ಕಾರ್ಬೊರೇಟರಿನ ಎರಡೂ ಬದಿಗೆ, ಒಂದೊಂದು ಪೊರೆಯ ಜೊತೆಗೂ ಸಂದು ಮುಚ್ಚುವ ಒಂದೊಂದು ಕಾಗದದ ಹಾಳೆ ಇರುತ್ತದೆ.

"ಮೊದಲ ಹ್ಯಾಂಗಿತ್ರಿ ಇದು?"

"ಎರಡೂ ಕಡೆ ಹಾಳೆ ಒಳಗ, ಪೊರೆ ಹೊರಗ. ನನಗ ಛಲೋ ನೆನಪದ."

"ನೆನಪು ಬ್ಯಾಡ್ರಿ. ಗುರ್ತು ನೋಡೋಣು."

ಹಾಳೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದರು. ವರ್ಷಗಟ್ಟಲೆ ಅದುಮಿಸಿಕೊಂಡು ಅದರ ಮೈಮೇಲೆ ಸಣ್ಣ ಕಾಲುವೆಗಳ ಅಚ್ಚು ಮೂಡಿತ್ತು. ಒಂದು ಬದಿಗೆ ಹಾಳೆ ಒಳಗಿತ್ತು, ನಿಜ. ಇನ್ನೊಂದು ಬದಿಗೆ ಪೊರೆಯೇ ಒಳಗೆ, ಹಾಳೆ ಹೊರಗೆ. ನಾನು ಎರಡನ್ನೂ ಒಂದೇ ತರ ಮಾಡಿ, ಯಂತ್ರದ ಉಸಿರು ಕಟ್ಟಿಸಿದ್ದೆ. ನೆನಪಿಗೆ ಜೋಡಿ ಸರಿಹೊಂದುವುದು ಇಷ್ಟ. ಎಡ ಹೇಗೋ ಬಲ ಹಾಗೆ ಎಂದು ತಿದ್ದಿ ಇಟ್ಟುಕೊಳ್ಳುತ್ತದೆ.

"ಕಾಗದಕ್ಕ ಸುಳ್ಳು ಬರಂಗಿಲ್ರಿ" ಎಂದರು ಲಾಲಸಾಬ್. ಇತಿಹಾಸ ಓದಿದವನಾಗಿ ಈ ಮಾತಿಗೆ ನನ್ನ ತಕರಾರಿತ್ತು. ಮೊದಲಿನ ಕೆಮ್ಮಿಗೆ ಕಾರಣ ಬೇರೆಯೇ ಇತ್ತು: ಪೆಟ್ರೋಲಿನ ಹಳೆ ಪೈಪು ಒಳಗೊಳಗೇ ಕರಗಿ, ಅಂಟು ಬಂದು ಸಣ್ಣ ಜಾಲರಿಯನ್ನು ಮುಚ್ಚಿತ್ತು. ಅವರು ಜಾಲರಿ ತೊಳೆದು, ಹೊಸ ಪೊರೆ ಹಾಕಿ, ಹೊಸ ಪೈಪು ಕೊಟ್ಟು ಕಳಿಸಿದರು.

ಆಪರೇಷನ್ನಿಗೆ ಮೂರು ದಿನ ಮೊದಲು, ಬೆಳಗಿನ ಬಿಸಿಲಿನಲ್ಲಿ ಯಂತ್ರವನ್ನು ಭೀಮೆಗೆ ಇಳಿಸಿದೆವು. ಅಂಬಿಗರೊಬ್ಬರು ತಮ್ಮ ಹರಗೋಲಿನಲ್ಲಿ ಹತ್ತಿರವೇ ಇದ್ದರು. ನೀಲಾ ತೇಲುವ ಜಾಕೀಟು ತೊಟ್ಟು, ಮೊದಲು ಎದೆ ಊರಿ, ಆಮೇಲೆ ಎಡಮಂಡಿ ಊರಿ, ಕೊನೆಗೆ ಎದ್ದು ನಿಂತಳು. ನಿಂತವಳು ಹೋದಳು. ಹಿಂದೆ ನೀರು ಎರಡು ಬಿಳಿಯ ಸೀಳಾಗಿ ತೆರೆದುಕೊಂಡಿತು. ಎಲ್ಲೋ ಬಿದ್ದಳು. ನನ್ನ ಎದೆಯ ಪೊರೆ ಒಂದು ಮಿಡಿತ ಬಿಟ್ಟಿತು. ಯಂತ್ರ ಸಾಯಲಿಲ್ಲ. ಮೇಯಲು ಬಿಟ್ಟ ಎಮ್ಮೆಯಂತೆ ಗುನುಗುತ್ತ ದೊಡ್ಡದೊಂದು ಸುತ್ತು ಹಾಕಿ ಅವಳ ಬಳಿಗೇ ಬಂತು. ಹತ್ತಿದಳು, ಮತ್ತೆ ನಿಂತಳು.

ನನ್ನ ಕಣ್ಣಿಗೆ ಅವಳು ನಿಂತು ಹೋದದ್ದು ನಡುಹೊಳೆಯವರೆಗೆ. "ಆಚಿ ದಂಡಿ ತನಕ" ಎನ್ನುತ್ತಾಳೆ ಅವಳು. ಅಂಬಿಗರನ್ನು ಕೇಳಿದೆ. "ನಾ ನನ್ನ ಮೀನಿನ ಬಲಿ ನೋಡಾಕತ್ತಿದ್ದೆರಿ" ಎಂದರು.

ಈಗ ಆಪರೇಷನ್ ಮುಗಿದು ಕಾಲು ಚಾಚಿ ಮಲಗಿದ್ದಾಳೆ. ನೋಡಲು ಬಂದವರಿಗೆಲ್ಲ ಆ ಬೆಳಗಿನ ಕತೆ ಹೇಳುತ್ತಾಳೆ. ಹೇಳಿದ ಹಾಗೆಲ್ಲ ಆಚೆ ದಂಡೆ ಇನ್ನಷ್ಟು ಆಚೆ ಸರಿಯುತ್ತಿದೆ. ತಿದ್ದಲು ಬಾಯಿ ತೆರೆದು, ಚಹಾ ಕುಡಿದು ಮುಚ್ಚುತ್ತೇನೆ. ನಾಳೆಯಿಂದ ಅವಳು ಗೋಡೆ ಹಿಡಿದು ಹತ್ತು ಹೆಜ್ಜೆ ನಡೆಯಬೇಕಂತೆ. ಅದಕ್ಕೆ ಹೊಳೆ ಎಷ್ಟು ಅಗಲ ಬೇಕೋ ಅಷ್ಟು ಅಗಲವಾಗಲಿ.