ಪಕ್ಷ ಮುಗಿದ ಮೇಲೆ ಹೋಗೋಣ

ನನಗೆ ದೇವರು ದಿಂಡರೆಂದರೆ ಅಷ್ಟಕ್ಕಷ್ಟೆ. ವೈಷ್ಣವರ ಮನೆಯಲ್ಲಿ ಹುಟ್ಟಿ, ಏಕಾದಶಿಯ ದಿನವೇ ಸ್ಟೇಶನ್ ಬಜಾರಿನಲ್ಲಿ ಸುಸಲಾ ಮಿರ್ಚಿ ತಿಂದು, ಬಾಯಿ ಒರೆಸಿಕೊಂಡು ಮನೆಗೆ ಬಂದವನು ನಾನು. ಪಂಚಾಂಗ ನೋಡಿ ಉಗುರು ತೆಗೆಯುವ ಜನರನ್ನು ಕಂಡರೆ ಮೈ ಉರಿಯುತ್ತಿತ್ತು. ಅಂಥ ನಾನು ಐವತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ಸಲ ಪಂಚಾಂಗದ ಮಾತು ಕೇಳಿದೆ. ಆ ಒಂದು ಸಲ ಕೇಳಬಾರದಿತ್ತು.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಪ್ಪ ಕಮಲಾಪುರದಲ್ಲಿ ಶಾಲೆಯ ಮಾಸ್ತರನಾಗಿದ್ದಾಗ ಅವ್ವ ತೀರಿಕೊಂಡಳು. ನನಗಾಗ ಆರು ವರ್ಷ. ಅಲ್ಲಿಂದ ಮುಂದೆ ನನ್ನ ಅನ್ನ, ಅಂಗಿ, ಜ್ವರ, ಪರೀಕ್ಷೆ ಎಲ್ಲ ಅಕ್ಕನ ಪಾಲಿಗೆ ಬಂದವು. ಅಪ್ಪನೂ ಹೋದ ಮೇಲೆ ಇಬ್ಬರೂ ಕಲಬುರಗಿಗೆ ಬಂದೆವು. ಅಕ್ಕ ಓಣಿಯ ಹೆಂಗಸರ ಜಂಪರು ಹೊಲಿದು ನನ್ನನ್ನು ಓದಿಸಿದಳು. ಮದುವೆಯ ಮಾತು ಬಂದಾಗಲೆಲ್ಲ "ಮೊದಲ ತಮ್ಮಂದಾಗಲಿ" ಎನ್ನುತ್ತಿದ್ದಳು. ನನ್ನದಾಗುವ ಹೊತ್ತಿಗೆ ಅವಳನ್ನು ಕೇಳಿಕೊಂಡು ಬರುವವರು ಯಾರೂ ಉಳಿದಿರಲಿಲ್ಲ. ಐವಾನ್-ಎ-ಶಾಹಿ ಕಡೆಯ ಒಂದು ಓಣಿಯಲ್ಲಿ ನಾನು, ನನ್ನ ಹೆಂಡತಿ, ಅಕ್ಕ, ಮೂವರೇ ಇದ್ದೆವು.

ನಾನು ಸೇಡಂ ರಸ್ತೆಯ ಔಷಧದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಅಕ್ಕನ ಹೃದಯದ ಗುಳಿಗೆಗಳನ್ನು ನಾನೇ ಎಣಿಸಿ ತರುತ್ತಿದ್ದೆ. ಮೊದಲು ಅರ್ಧ ಇದ್ದದ್ದು ಒಂದಾಯಿತು, ಒಂದು ಇದ್ದದ್ದು ಎರಡಾಯಿತು. ಬೇರೆಯವರಿಗೆ ಅದು ಬರೀ ಚೀಟಿ. ನನಗೆ ಅದರ ಅರ್ಥ ಗೊತ್ತಿತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಆಪರೇಷನ್ ತಡಕೊಳ್ಳೂ ಶಕ್ತಿ ಅವರಿಗಿಲ್ಲ. ಏನು ಬೇಕಂತಾರೋ ಮಾಡ್ರಿ, ಖುಷಿಯಾಗಿ ಇಡ್ರಿ," ಎಂದಿದ್ದರು.

ಅಕ್ಕ ಏನನ್ನೂ ಬೇಕೆನ್ನುವವಳಲ್ಲ. ಹಾಗಿರುವಾಗ ಆ ಗಾಡಿ ಬಂತು.

ಅಂಗಡಿಗೆ ಬರುತ್ತಿದ್ದ ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿಯೊಬ್ಬರು ಹಳೆಯ ಮೋಟಾರ್ ಸೈಕಲ್ಲೊಂದನ್ನು ಗೋಣಿಚೀಲ ಹೊದಿಸಿ ಇಟ್ಟಿದ್ದರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಾದ ಹಳೇ ಕಾಲದ ಗಾಡಿ. ಮದುವೆಯಾದ ಹೊಸದರಲ್ಲಿ ನನ್ನ ಹತ್ತಿರ ಅಂಥದ್ದೇ ಒಂದಿತ್ತು, ಹತ್ತು ವರ್ಷ ಓಡಿಸಿದ್ದೆ. ಇದನ್ನು ನೋಡಿದ್ದೇ ತಡ, ಹುಚ್ಚು ಹಿಡಿಯಿತು. ಕೆಂಪು ಬಾಳೆಗೊನೆ ಹೊತ್ತ ಟೆಂಪೋದಲ್ಲಿಯೇ ಹೇರಿಸಿಕೊಂಡು ಮನೆಗೆ ತಂದೆ. ಹೆಂಡತಿ ಬಾಗಿಲಲ್ಲಿ ನಿಂತು, "ಮನ್ಯಾಗ ಗುಜರಿ ಕಡಿಮಿ ಇತ್ತೇನ್ರೀ?" ಎಂದಳು. ಅಕ್ಕ ಮಾತ್ರ ಮೆಟ್ಟಿಲಿಳಿದು ಬಂದು, ಹರಿದ ಸೀಟಿನ ಮೇಲೆ ಕೈಯಾಡಿಸಿದಳು.

"ಎಲ್ಲಿಂದ ತಂದ್ಯೋ?"

"ಕಮಲಾಪುರದಿಂದ."

ಅವಳ ಮುಖವೇ ಬೇರೆಯಾಯಿತು. ಅಪ್ಪ ಅಲ್ಲಿದ್ದಾಗ ಸರಕಾರಿ ದವಾಖಾನೆಯ ಕಂಪೌಂಡರನ ಹತ್ತಿರ ಒಂದು ಮೋಟಾರ್ ಸೈಕಲ್ ಇತ್ತಂತೆ. ಸಂಜೆ ಅವನ ಹೆಂಡತಿ ಹಿಂದೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಳೆತೋಟದ ದಾರಿಯಲ್ಲಿ ಹೋಗುತ್ತಿದ್ದಳಂತೆ. ನೀರಿನ ಕೊಡ ಹೊತ್ತ ಅಕ್ಕ ಬದಿಗೆ ಸರಿದು ನಿಂತು ನೋಡುತ್ತಿದ್ದಳಂತೆ. ಇಷ್ಟು ವರ್ಷದಲ್ಲಿ ನನಗೆ ಇದನ್ನು ಒಮ್ಮೆಯೂ ಹೇಳಿರಲಿಲ್ಲ.

"ಇದನ್ನ ರಿಪೇರಿ ಮಾಡು," ಎಂದಳು. "ಒಮ್ಮೆ ಹಿಂದ ಕೂಡಿಸಿಕೊಂಡು ಕಮಲಾಪುರಕ್ಕ ಕರಕೊಂಡು ಹೋಗು. ನಾವಿದ್ದ ಮನಿ ನೋಡಿ ಬರೋಣು."

"ನಿನಗ ಗಾಡಿ ಅಂದ್ರ ಹೆದರಿಕಿ ಅಲ್ಲೇನು?"

"ಯಾರು ಹೇಳ್ಯಾರ? ನೀ ಎಂದರ ಕೇಳಿದ್ದೇನು?"

ನಿಜ, ನಾನು ಕೇಳಿರಲಿಲ್ಲ. ಹತ್ತು ವರ್ಷ ಆ ಮೊದಲಿನ ಗಾಡಿಯ ಹಿಂದೆ ಹೆಂಡತಿ ಕೂತಿದ್ದಳು, ಗೆಳೆಯರು ಕೂತಿದ್ದರು, ಗ್ಯಾಸ್ ಸಿಲಿಂಡರ್ ಕೂಡ ಕೂತಿತ್ತು. ನನ್ನನ್ನು ಸಾಕಿದವಳನ್ನು ಒಂದು ದಿನ ಕೂಡಿಸಿಕೊಂಡಿರಲಿಲ್ಲ. ಅಕ್ಕ ಹೆದರುತ್ತಾಳೆ ಎಂದು ನಾನೇ ತೀರ್ಮಾನಿಸಿ, ನಾನೇ ಊರೆಲ್ಲ ಹೇಳಿದ್ದೆ. ನಾಚಿಕೆಯಿಂದ ಆ ರಾತ್ರಿ ಸರಿಯಾಗಿ ಊಟ ಸೇರಲಿಲ್ಲ. ಆಷಾಢ ಮುಗಿಯುವುದರೊಳಗೆ ಗಾಡಿ ಎಬ್ಬಿಸಿಯೇ ಬಿಡುತ್ತೇನೆ, ಅಕ್ಕನನ್ನು ಕರೆದುಕೊಂಡು ಹೋಗಿಯೇ ಬಿಡುತ್ತೇನೆ ಎಂದು ಮನಸ್ಸಿನಲ್ಲಿ ಆಣೆ ಹಾಕಿಕೊಂಡೆ.

ಕೆಲಸ ಅಷ್ಟು ಸುಲಭದ್ದಾಗಿರಲಿಲ್ಲ. ಬ್ರೇಕು ಜಾಮಾಗಿತ್ತು, ಕೇಬಲ್ಲುಗಳು ಮುಟ್ಟಿದರೆ ತುಂಡಾಗುತ್ತಿದ್ದವು, ಸೈಲೆನ್ಸರಿನ ಒಳಗೆ ಮಸಿ ಗಟ್ಟಿಯಾಗಿ ಕೂತಿತ್ತು. ಅಂಗಡಿಗೆ ಹೋಗುವ ಮುಂಚೆ ಬೆಳಿಗ್ಗೆ ಎರಡು ತಾಸು, ಮತ್ತೆ ರವಿವಾರ ಇಡೀ ದಿನ ಅಂಗಳದಲ್ಲಿ ಕೂಡುತ್ತಿದ್ದೆ. ಅಕ್ಕ ಎದುರಿಗೆ ಮಣೆ ಹಾಕಿಕೊಂಡು ಕೂತು, ಒಂದೊಂದೇ ನಟ್ಟನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುತ್ತಿದ್ದಳು. ಯಾವ ನಟ್ಟು ಎಲ್ಲಿಯದು ಎಂದು ನನಗೆ ಮರೆತರೂ ಅವಳಿಗೆ ಮರೆಯುತ್ತಿರಲಿಲ್ಲ. ಹತ್ತು ಜಂಪರಿನ ಗುಂಡಿ ಒಂದೇ ಡಬ್ಬಿಯಲ್ಲಿಟ್ಟು ಬದುಕಿದವಳು. ಸೈಲೆನ್ಸರಿನ ಒಳಕೊಳವೆಯನ್ನು ಹಿತ್ತಲಿನ ನೀರೊಲೆಯಲ್ಲಿ ಇಟ್ಟು ಮಸಿ ಸುಟ್ಟವಳೂ ಅವಳೇ. ಮನೆಯೆಲ್ಲ ಹೊಗೆಯಾಗಿ ನನ್ನ ಹೆಂಡತಿ ಕೆಮ್ಮುತ್ತ ಬೀದಿಗೆ ಓಡಿದಳು.

ಎಲ್ಲ ಜೋಡಿಸಿ ಕಿಕ್ ಹೊಡೆದರೆ ಇಂಜಿನ್ ಒಂದು ಸಲ ಉಸಿರು ಬಿಟ್ಟು ಸುಮ್ಮನಾಗುತ್ತಿತ್ತು. ನಾನು ಪ್ಲಗ್ ಬದಲಿಸಿದೆ, ಕಾರ್ಬೋರೇಟರ್ ನಾಲ್ಕು ಸಲ ಬಿಚ್ಚಿದೆ, ಪಾನಾ ಎತ್ತಿ ಗೋಡೆಗೆ ಒಗೆದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಅಕ್ಕ ಮೆಲ್ಲಗೆ, "ಟಾಕಿ ಒಳಗ ತುಕ್ಕು ಅದ ಅನಸ್ತದ. ಅದು ಬಂದು ಬಂದು ಕಟ್ಟಿಕೊಳ್ಳಾಕತ್ತಿರಬೇಕು," ಎಂದಳು. "ನಿನಗೇನು ತಿಳೀತದ, ಸುಮ್ಮನ ಕೂಡು," ಎಂದು ರೇಗಿದೆ. ಮರುದಿನ ಸ್ಟೇಶನ್ ಬಜಾರಿನ ಒಬ್ಬ ಹಳೆಯ ಮಿಸ್ತ್ರಿಯನ್ನು ಕೇಳಿದರೆ ಅವರು ನಕ್ಕುಬಿಟ್ಟರು. "ಅರೆ ಸಾಬ್, ಟಾಕಿ ತೊಳದೀರೇನು? ಒಳಗ ಜಂಗ್ ಹಿಡದದ್ರೀ. ಸಣ್ಣ ಖಡಿ ಹಾಕಿ, ಘಾಸಲೇಟ್ ಸುರುವಿ, ಖೂಬ್ ಅಳ್ಳಾಡಸ್ರಿ." ನಾನು ಮನೆಗೆ ಬಂದು ಟಾಕಿಯಲ್ಲಿ ಜಲ್ಲಿಕಲ್ಲು, ಸೀಮೆಎಣ್ಣೆ ಹಾಕಿ ಅಲುಗಾಡಿಸುತ್ತಿದ್ದರೆ ಅಕ್ಕ ತೂಕಡಿಸುವವಳಂತೆ ಕಣ್ಣು ಮುಚ್ಚಿಕೊಂಡು, "ಶಂಖದಿಂದ ಬಂದ್ರ ತೀರ್ಥ," ಎಂದಳು.

ಸೀಟಿನ ರೆಕ್ಸಿನ್ ಅವಳೇ ಹೊಲಿದಳು. ಮೂರು ಸೂಜಿ ಮುರಿದವು. ಹೊದಿಸಿ ನೋಡಿದರೆ ಮುಂದಿನ ಭಾಗ ಚಪ್ಪಟೆ, ಹಿಂದಿನದು ಒಂದು ಗೇಣು ಉಬ್ಬಿತ್ತು.

"ಇದೇನು ಅಕ್ಕಾ, ಸೊಟ್ಟ ಹೊಲದೀಯಲ್ಲ!"

"ಹಿಂದ ಹಳೇ ಗಾದಿ ಸೇರಿಸೇನಿ. ಅಲ್ಲಿ ಕೂಡಾಕಿ ನಾನ. ನಿನಗ್ಯಾಕ ಬೇಕು?"

ಗಣಪತಿ ಹೋಗಿ, ಅನಂತನ ಹುಣ್ಣಿಮೆಯೂ ಕಳೆದ ಮರುದಿನ ಆರನೇ ಕಿಕ್ಕಿಗೆ ಗಾಡಿ ಎದ್ದಿತು. ಅಂಗಳವೆಲ್ಲ ನೀಲಿ ಹೊಗೆ. ಅಕ್ಕ ಚಪ್ಪಾಳೆ ತಟ್ಟಿದಳು. ಅರವತ್ತೈದು ವರ್ಷದ ಹೆಂಗಸು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವಳು, ಚಪ್ಪಾಳೆ ತಟ್ಟಿ ನಕ್ಕಳು.

"ನಾಳೆ ಹೋಗೋಣೇನು?" ಎಂದಳು.

ಆಗ ನನ್ನ ಬಾಯಿಂದ ಆ ಮಾತು ಬಂತು. "ಪಕ್ಷ ಮುಗೀಲಿ ಅಕ್ಕಾ. ನವರಾತ್ರ್ಯಾಗ ಖಂಡೇ ಪೂಜಿ ದಿನ ಗಾಡಿಗೆ ಪೂಜಿ ಮಾಡೋಣು. ಆಮ್ಯಾಲ ಹೋಗೋಣು."

ಅದು ಪಿತೃಪಕ್ಷ ಹಿಡಿದ ದಿನ. ಹಿರಿಯರ ಶ್ರಾದ್ಧಕ್ಕೆ ಮೀಸಲಾದ ಆ ಹದಿನೈದು ದಿನಗಳಲ್ಲಿ ನಮ್ಮವರು ಹೊಸದೇನನ್ನೂ ಆರಂಭಿಸುವುದಿಲ್ಲ, ಹೊಸ ಗಾಡಿಯನ್ನಂತೂ ಹೊರಗೆ ತೆಗೆಯುವುದೇ ಇಲ್ಲ. ಇದೆಲ್ಲ ಗೊಡ್ಡು ಮಾತೆಂದು ಜನ್ಮವೆಲ್ಲ ಆಡಿಕೊಂಡವನು ನಾನು. ಆದರೆ ಅಕ್ಕನ ವಿಷಯ ಬಂದಾಗ ಹೆದರಿದೆ. ಅವಳ ಗುಳಿಗೆ ಎಣಿಸುವ ಕೈ ನನ್ನದೇ ತಾನೆ. ದಾರಿಯಲ್ಲಿ ಏನಾದರೂ ಆದರೆ, "ಪಕ್ಷದಾಗ ಹೊರಗ ತಗದಿ, ಅದಕ್ಕ ಆತು" ಎಂದು ಜನ ಅನ್ನುವುದಕ್ಕಿಂತ ಮೊದಲು ನಾನೇ ಅಂದುಕೊಳ್ಳುತ್ತಿದ್ದೆ. ಧೈರ್ಯವಿಲ್ಲದವನ ನಾಸ್ತಿಕತನ ಇಷ್ಟೇ.

ತಪ್ಪದೆ ಏಕಾದಶಿ ಮಾಡುವ ಅಕ್ಕನೇ ಒಪ್ಪಲಿಲ್ಲ. "ಪಕ್ಷ ಅಂದ್ರ ಹಿರ್ಯಾರು ಮನಿಗೆ ಬರೂ ದಿನ. ಅಪ್ಪ ಅವ್ವ ಇದ್ದ ಊರಿಗೆ ಹೊಂಟ್ರ ಅವರು ಬ್ಯಾಡ ಅಂತಾರೇನು?" ಎಂದಳು. ಹೆಂಡತಿಯೂ, "ಕರಕೊಂಡು ಹೋಗಿ ಬರ್ರಿ, ಒಂದು ತಾಸಿನ ದಾರಿ," ಎಂದಳು. ನಾನು ಇಬ್ಬರ ಮೇಲೂ ಹರಿಹಾಯ್ದೆ. ಬೇಕಾದರೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ. "ಬಸ್ಸಿನಾಗ ನಾ ಒಬ್ಬಾಕೀನೂ ಹೋಗ್ತೀನಿ, ನೀ ಯಾಕ ಬೇಕು?" ಎಂದು ಅಕ್ಕ ಒಳಗೆ ಹೋದಳು.

ಇನ್ನೂ ಕೇಳಿ. ಹಳೆಯ ಗಾಡಿಯಾದ್ದರಿಂದ ಆರ್‌ಟಿಒ ಕಚೇರಿಯಲ್ಲಿ ತೋರಿಸಿ ಕಾಗದ ನವೀಕರಿಸಬೇಕಿತ್ತು. ಅವರು ಕೊಟ್ಟ ದಿನಾಂಕ ಪಕ್ಷದ ಪಂಚಮಿಗೆ ಬಂತು. ನಾನು ಹೋದೆ. ಗಾಡಿ ಬೆಣ್ಣೆಯ ಹಾಗೆ ಓಡಿತು. ಅಕ್ಕ ತಿಕ್ಕಿ ತಿಕ್ಕಿ ಬಿಳುಪು ಮಾಡಿದ್ದ ಛಾಸಿ ನಂಬರನ್ನು ಇನ್ಸ್‌ಪೆಕ್ಟರು ಕನ್ನಡಕವಿಲ್ಲದೆಯೇ ಓದಿದರು. ಕಾಗದ ಹಿಡಿದು ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಕೂತಿದ್ದಳು.

"ಆಫೀಸಿಗೆ ಹೋಗೂಮುಂದ ಪಕ್ಷ ಇರಲಿಲ್ಲೇನು?"

"ಅದು ಕಾಗದದ ಕೆಲಸ. ಒಬ್ಬನ ಹೋಗಿದ್ದೆ. ನೀ ಹಿಂದ ಕೂಡೂದು ಬ್ಯಾರೆ."

"ಹೌದಪ್ಪಾ, ಬ್ಯಾರೆನ," ಎಂದಳು. ಆಮೇಲೆ ಕೇಳಲಿಲ್ಲ. ಮರುದಿನದಿಂದ ಸಂಜೆ ಸ್ಟ್ಯಾಂಡ್ ಹಾಕಿದ ಗಾಡಿಯ ಹಿಂದಿನ ಸೀಟಿನ ಮೇಲೆ, ಅಂಗಳದಲ್ಲೇ, ಸ್ವಲ್ಪ ಹೊತ್ತು ಕೂತು ಇಳಿಯುತ್ತಿದ್ದಳು. ಅದನ್ನು ನೋಡಿಯೂ ನನಗೆ ಬುದ್ಧಿ ಬರಲಿಲ್ಲ.

ಅಮಾವಾಸ್ಯೆಗೆ ನಾಲ್ಕು ದಿನ ಉಳಿದಿತ್ತು. ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದಿದ್ದೆ. ಒಳಗಿನಿಂದ ಹೆಂಡತಿ ಕೂಗಿದಳು, "ರೀ, ಲಗೂ ಬರ್ರಿ, ಅಕ್ಕಗ ಉಸರಾಡಾಕ ಆಗವಲ್ದು!" ತುಟಿ ನೀಲಿಯಾಗಿತ್ತು. ಓಣಿಯ ಬಾಯಿಯಲ್ಲಿ ಚರಂಡಿ ಕೆಲಸಕ್ಕೆಂದು ತಗ್ಗು ತೋಡಿದ್ದರು, ಆಟೋ ಒಳಗೆ ಬರುವಂತಿರಲಿಲ್ಲ. ಅಂಬ್ಯುಲೆನ್ಸಿಗೆ ಫೋನು ಮಾಡಿದರೆ ಅರ್ಧ ತಾಸು ಆಗುತ್ತದೆ ಎಂದರು. ಕಾಯುವ ಹಾಗಿರಲಿಲ್ಲ. ಗಾಡಿ ಒಂದೇ ಕಿಕ್ಕಿಗೆ ಎದ್ದಿತು. ಅಕ್ಕನನ್ನು ನಡುವೆ ಕೂಡಿಸಿ, ಹಿಂದಿನಿಂದ ಹೆಂಡತಿ ತಬ್ಬಿ ಹಿಡಿದುಕೊಂಡಿರಲು, ತಗ್ಗಿನ ಅಂಚಿನಲ್ಲಿ ಗಾಡಿ ದಾಟಿಸಿದೆ.

ಸೇಡಂ ರಸ್ತೆ ಹಿಡಿದಾಗ ಅಕ್ಕ ನನ್ನ ಬೆನ್ನಿಗೆ ಕೆನ್ನೆ ಆನಿಸಿದಳು.

"ತಮ್ಮಾ, ಪಕ್ಷ ಮುಗೀತೇನೋ?"

ಆ ಸ್ಥಿತಿಯಲ್ಲೂ ಚೇಷ್ಟೆ ಅವಳದು. ನನಗೆ ದಾರಿ ಮಂಜಾಯಿತು. "ಮಾತಾಡಬ್ಯಾಡ ಅಕ್ಕಾ, ಬಂದೇಬಿಟ್ವಿ," ಎಂದೆ.

"ಛಲೋ ಮಾಡೀದಿ ಗಾಡಿ. ಒಂಚೂರೂ ಕುಲಕಂಗಿಲ್ಲ."

ಎರಡು ದಿನ ಆಸ್ಪತ್ರೆಯಲ್ಲಿದ್ದಳು. ಎರಡನೇ ದಿನ ಸಂಜೆ ಆಮ್ಲಜನಕದ ಮುಸುಕು ಸರಿಸಿ, ಮನೆಗೆ ಹೋಗುವಾಗಲೂ ಗಾಡಿಯ ಮೇಲೇ ಹೋಗೋಣ ಎಂದಳು. "ಮನಿಗಲ್ಲ, ಇಲ್ಲಿಂದ ಸೀದಾ ಕಮಲಾಪುರಕ್ಕ," ಎಂದೆ. "ಪಕ್ಷ?" ಎಂದಳು. "ಪಕ್ಷದ ಮನಿ ಹಾಳಾಗಲಿ!" ಎಂದೆ. "ಹಂಗನಬಾರದು," ಎಂದು ನಕ್ಕು ಕಣ್ಣು ಮುಚ್ಚಿದಳು. ತ್ರಯೋದಶಿಯ ಬೆಳಿಗ್ಗೆ ಹೋಗಿಬಿಟ್ಟಳು.

ನಾನೇ ಕಿಚ್ಚಿಟ್ಟೆ. ನಾನೇ ಕರ್ಮಕ್ಕೆ ಕೂತೆ. ದಿನಗಳು ಹೇಗೆ ಹೋದವೋ ಗೊತ್ತಾಗಲಿಲ್ಲ. ಹನ್ನೆರಡನೇ ದಿನದ ವಿಧಿಗೆ ಭಟ್ಟರು ಬೆಳಿಗ್ಗೆಯೇ ಬಂದರು. ಹೊರಗೆ ಓಣಿಯ ತುಂಬ ಸಡಗರ. ಎದುರು ಮನೆಯವರು ಸ್ಕೂಟರಿಗೆ ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದರು, ಪಕ್ಕದವರು ಕಾರಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು. ಅಂದು ನವಮಿ, ಖಂಡೇ ಪೂಜೆ. ಭಟ್ಟರು ಅಂಗಳದಲ್ಲಿದ್ದ ಗಾಡಿಯನ್ನು ನೋಡಿ, "ಇದಕ್ಕ ಈ ಸಲ ಹೂವು ಏರಸಬ್ಯಾಡ್ರಿ. ಮನ್ಯಾಗ ಕರ್ಮ ನಡದದ, ನಿಮಗ ಈ ವರ್ಷ ಖಂಡೇ ಪೂಜಿ ಇಲ್ಲ," ಎಂದರು.

ಈ ದಿನ ಬರಲಿ ಎಂದೇ ನಾನು ಅಕ್ಕನನ್ನು ಕಾಯಿಸಿದ್ದು. ಅವಳು ಕೇಳಿದ್ದು ಒಂದೇ ಒಂದು. ಅರವತ್ತೈದು ವರ್ಷದಲ್ಲಿ ಒಂದೇ ಒಂದು. ಗಾಡಿ ಇತ್ತು, ದಾರಿ ಇತ್ತು, ಅವಳಿಗೆ ಕೂಡುವ ಶಕ್ತಿ ಇತ್ತು. ಹನ್ನೊಂದು ದಿನ ಇತ್ತು. ಬೆರಳಿನಲ್ಲಿ ದರ್ಭೆಯ ಉಂಗುರ ಇರುವಂತೆಯೇ ನಾನು ಅಂಗಳದಲ್ಲಿ ಕುಸಿದು ಕೂತೆ. "ತಪ್ಪಾತು ಅಕ್ಕಾ, ತಪ್ಪಾತು," ಎಂದು, ಓಣಿಯ ಜನರೆಲ್ಲ ಕೈಯಲ್ಲಿ ಹೂವು ಹಿಡಿದು ನೋಡುತ್ತಿರುವಾಗ, ಹೆಂಡತಿ ಬಂದು ಎಬ್ಬಿಸುವವರೆಗೂ ಅತ್ತೆ.