ಲಕೋಟೆ ಎಣಿಸುವ ಸುಭದ್ರಾ

ಚಹಾ ಗಾಡಿಯವರು ಈಗಷ್ಟೇ ಒಲೆ ಹಚ್ಚುತ್ತಿದ್ದಾರೆ. ಸೂರತ್ತಿನ ಉಧ್ನಾದಲ್ಲಿ, ಸೀರೆ ಗೋದಾಮಿನ ಮೇಲಿರುವ ಸಣ್ಣ ಇಂಟರ್ನೆಟ್ ಕಂಪನಿಯ ಮೆಟ್ಟಿಲನ್ನು ಸುಭದ್ರಾ ಏರುತ್ತಿದ್ದಾರೆ. ಮೂಲೆಯಲ್ಲಿ ಇಂಟರ್ನೆಟ್ ಸಂಚಾರವನ್ನು ದಾಖಲಿಸುವ ಪೆಟ್ಟಿಗೆಯಿಂದ ತುಂಬಿದ ಡಿಸ್ಕ್ ತೆಗೆದು ಖಾಲಿಯದನ್ನು ಹಾಕುತ್ತಾರೆ. ತುಂಬಿದ್ದು ಥೇಪ್ಲಾ ರೊಟ್ಟಿಯ ಡಬ್ಬಿಯ ಪಕ್ಕ ಚೀಲ ಸೇರುತ್ತದೆ. ಇಂಟರ್ನೆಟ್ಟಿನ ಲೆಕ್ಕ ರೈಲಿನಲ್ಲಿ ಹೋಗುವುದೇ? ಹೌದು ಸ್ವಾಮಿ! ಅದೇ ತಂತಿಯಲ್ಲಿ ಕಳಿಸಿದರೆ, ಕಳಿಸಿದ್ದೂ ಲೆಕ್ಕಕ್ಕೆ ಬಿದ್ದು ಎಲ್ಲ ಕಲಸುಮೇಲೋಗರವಾಗುತ್ತದೆ.

ಧಾರವಾಡದ ಸುಭದ್ರಾ ಅಹಮದಾಬಾದಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ತಾಂತ್ರಿಕ ಸಹಾಯಕಿ. ಅಹಮದಾಬಾದ್, ವಡೋದರಾ, ಸೂರತ್ ಊರುಗಳ ಇಂಟರ್ನೆಟ್ ಸಂಚಾರದ ದಾಖಲೆ ಕೂಡಿಸಿ, ಜನರ ಗುರುತು ಅಳಿಸಿ, ಸೈಬರ್ ದಾಳಿಗಳನ್ನು ಪತ್ತೆಹಚ್ಚುವ ಸಂಶೋಧಕರಿಗೆ ಹಂಚುವುದು ಅವರ ಕೆಲಸ. "ನಾವು ಪತ್ರ ಒಡೆಯಂಗಿಲ್ರಿ. ಲಕೋಟಿ ಎಲ್ಲಿಂದ ಎಲ್ಲಿಗೆ ಹೋತು, ಎಷ್ಟು ದಪ್ಪ ಇತ್ತು, ಅಷ್ಟ ನೋಡೋದು," ಎನ್ನುತ್ತಾರೆ.

ಹೇಳಿದರೆ ನಂಬುವವರು ಯಾರು? "ವಡೋದರಾದ ಕೊಯಾಲಿ ಕಡೆ ಒಬ್ಬಾಂವ ನನ್ನ ಬೇಹುಗಾರ್ತಿ ಅಂದ್ಕೊಂಡು ಕುಡಿಲಿಕ್ಕೆ ನೀರೂ ಕೊಡಲಿಲ್ರಿ!" ಎಂದು ನಗುತ್ತಾರೆ. ಸೂರತ್ತಿನಲ್ಲಿ ಕದ ತಟ್ಟಿ ತಟ್ಟಿ ಸೋತ ಮೇಲೆ ಒಪ್ಪಿದ್ದು ಇದೊಂದೇ ಕಂಪನಿ.

ಇವತ್ತು ಅದೂ ಕೈತಪ್ಪಬಹುದು. ಇಲ್ಲಿಯ ಮನೆಗಳಲ್ಲಿ ಫೋನು, ಟಿವಿಗಳಿಗೂ ಮನೆಯವರ ಹೆಸರನ್ನೇ ಇಡುತ್ತಾರೆ; ಆ ಹೆಸರೂ ಲಕೋಟೆಯ ಮೇಲೆ ಬಂದು ದಾಖಲೆ ಸೇರುತ್ತದೆ. ಸುಭದ್ರಾ ವಿಳಾಸಗಳನ್ನೆಲ್ಲ ಅಳಿಸಿದ್ದರು, ಫೋನಿಗಿಟ್ಟ ಹೆಸರುಗಳನ್ನು ಮರೆತಿದ್ದರು. ಅಂಗಡಿಗಳಲ್ಲಿ ಕಂಪ್ಯೂಟರ್ ವೈರಸ್ ಸೋಂಕು ತಗುಲಿದ ಕ್ಯಾಮೆರಾಗಳನ್ನು ಹುಡುಕುತ್ತಿರುವ ವಡೋದರಾದ ವಿದ್ಯಾರ್ಥಿನಿ ಅರ್ಪಿತಾ ಮೊನ್ನೆ ಫೋನ್ ಮಾಡಿ, "ಅಕ್ಕಾ, ಇದ್ರಲ್ಲಿ ಯಾರದೋ ಹೆಸರು ಕಾಣ್ತಿದೆ" ಎಂದಳು. ನೋಡಿದರೆ, ಉಧ್ನಾದ ಈ ಕಂಪನಿಯ ಮಾಲೀಕರ ತಾಯಿಯದೇ ಹೆಸರು! ಸುಭದ್ರಾ ತಮ್ಮಲ್ಲಿದ್ದದ್ದನ್ನು ಅಳಿಸಿದರು, ಅರ್ಪಿತಾಳಿಂದಲೂ ಅಳಿಸಿಸಿದರು. ಸುಮ್ಮನಿದ್ದಿದ್ದರೆ ಮಾಲೀಕರಿಗೆ ತಿಳಿಯುತ್ತಲೇ ಇರಲಿಲ್ಲ. "ಹೇಳದಿದ್ರ ನನಗ ನಿದ್ದಿ ಹತ್ತಂಗಿಲ್ರಿ," ಎಂದು ರೈಲು ಹತ್ತಿ ಬಂದಿದ್ದಾರೆ.

ಕೇಳಿದ್ದೇ ತಡ, ಮಾಲೀಕರ ಮುಖ ಕೆಂಪಾಗುತ್ತದೆ. "ನಮ್ಮ ಬಾ ಹೆಸರು ಕಾಲೇಜಿಗೆ ಹೋಯ್ತಾ? ಬಸ್, ಬಂದ್ ಕರೋ!" ಎಂದು ಪೆಟ್ಟಿಗೆಯ ಪ್ಲಗ್ಗಿಗೇ ಕೈ ಹಾಕುತ್ತಾರೆ. ಗದ್ದಲ ಕೇಳಿ ಮೇಲಿನ ಮನೆಯಿಂದ ಆ ‘ಬಾ’, ಅಂದರೆ ತಾಯಿಯೇ, ಇಳಿದು ಬರುತ್ತಾರೆ. ಸುಭದ್ರಾ ಮತ್ತೊಮ್ಮೆ ಎಲ್ಲ ಹೇಳುತ್ತಾರೆ.

"ನೀನಾಗೇ ಬಂದು ಹೇಳಿದೆಯಾ?" ಎಂದು ಆ ತಾಯಿ ಗುಜರಾತಿಯಲ್ಲಿ ಕೇಳುತ್ತಾರೆ.

"ಹೌದು, ಬಾ."

"ಹಾಗಾದ್ರೆ ಇರಲಿ ಬಿಡು," ಎಂದು ಮಗನ ಕೈ ಸರಿಸುತ್ತಾರೆ. "ಮೋಸ ಮಾಡುವವರು ರೈಲು ಹತ್ತಿ ಹೇಳೋಕೆ ಬರ್ತಾರೇನೋ? ಕೂತ್ಕೋ ದೀಕರಿ, ಕೂತ್ಕೋ ಮಗಳೇ, ಚಾ ಕುಡಿ."

ಸುಭದ್ರಾ ಕಣ್ಣು ತುಂಬಿಕೊಂಡು ಚಹಾ ಕುಡಿಯುತ್ತಾರೆ. ಪೆಟ್ಟಿಗೆಯ ದೀಪ ಮಿನುಗುತ್ತಲೇ ಇದೆ.

ಸಂಶೋಧಕರು ಪ್ರಬಂಧದ ಕೊನೆಯಲ್ಲಿ ನೆರವಾದವರನ್ನು ನೆನೆಯುವುದುಂಟು. ಆ ತಾಯಿಯನ್ನೂ ಅಲ್ಲಿ ನೆನೆಯಬೇಕೆಂಬುದು ಸುಭದ್ರಾ ಆಸೆ.

"ಆದ್ರ ಅದು ಆಗಂಗಿಲ್ರಿ, ಹೆಸರು ಮತ್ತ ಹೊರಗ ಬೀಳ್ತದ," ಎನ್ನುತ್ತಾರೆ ಸ್ಟೇಷನ್ನಿನಲ್ಲಿ, ಈ ಬರಹಕ್ಕಾಗಿ ಜೊತೆಗೆ ಬಂದ ನನಗೆ. "ನೀವೂ ಅಷ್ಟ. ನನ್ನ ಹೆಸರು ಹಾಕ್ರಿ, ಫೋಟೋ ಹಾಕ್ರಿ. ಆ ತಾಯಿ ಹೆಸರು ಮಾತ್ರ ಎಲ್ಲೂ ಬರೀಬ್ಯಾಡ್ರಿ. ಆಕಿ ಋಣ ನಾ ತೀರಿಸೋದು ಹಿಂಗ."